ಅಕ್ಷರಗುಂಡಿನ ಊರು, ಬಾಲಿಯ ಬೋಕಿ

ಒಡೆದ ಮಡಕೆಯ ಚೂರಿಗೆ ಬೋಕಿ ಎನ್ನುತ್ತೇವೆ. ಮಕ್ಕಳು ಅದನ್ನೇ ಕಲ್ಲಿಗೆ ತೇಯ್ದು ದುಂಡಗೆ ಮಾಡಿ ಕುಂಟೆಬಿಲ್ಲೆ ಆಡುವುದುಂಟು. ಅದಕ್ಕಿಂತ ಹೆಚ್ಚಿನ ಬೆಲೆಯನ್ನು ಅದಕ್ಕೆ ಯಾರೂ ಕೊಡುವುದಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ತಪ್ಪಲಲ್ಲಿ 1947ರಲ್ಲಿ ನೆಲ ಅಗೆದಾಗ ಒಂದು ಬಗೆಯ ಬೋಕಿ ಸಿಕ್ಕಿತು. ನಲವತ್ತು ವರ್ಷಗಳ ಮೇಲೆ, ಇಲ್ಲಿಂದ ನಾಲ್ಕು ಸಾವಿರ ಕಿಲೋಮೀಟರಿಗೂ ಆಚೆ, ಇಂಡೊನೇಷ್ಯಾದ ಬಾಲಿ ದ್ವೀಪದ ಉತ್ತರ ದಂಡೆಯಲ್ಲಿರುವ ಸೆಂಬಿರಾನ್ ಎಂಬ ಹಳ್ಳಿಯ ನೆಲದಲ್ಲಿ ಅದೇ ಬಗೆಯ ಬೋಕಿ ಸಿಕ್ಕಿತು. ಬಾಲಿಗೆ ಹೋಗುವ ಪ್ರವಾಸಿಗರಲ್ಲಿ ಸೆಂಬಿರಾನ್ ಹೆಸರು ಕೇಳಿದವರು ವಿರಳ. ಚಿತ್ರದುರ್ಗದ ಕೋಟೆ ನೋಡಲು ಬರುವವರಲ್ಲಿ ಬ್ರಹ್ಮಗಿರಿಯ ಹೆಸರು ಕೇಳಿದವರೂ ಅಷ್ಟೇ ವಿರಳ. ಇಂಥ ಊರುಗಳನ್ನು ನಾವು ಕುಗ್ರಾಮ ಎಂದು ಕರೆದು ಮುಗಿಸುತ್ತೇವೆ. ಲೋಕದ ಗಾಳಿ ಸೋಕದೆ ಅವು ಮೊದಲಿಂದಲೂ ಹೀಗೇ ಇದ್ದವು ಎಂಬ ಭಾವನೆ ಆ ಮಾತಿನೊಳಗೆ ಇದೆ. ಈ ಎರಡೂ ಊರಿನ ಬೋಕಿಗಳು ಅದನ್ನು ಒಪ್ಪುವುದಿಲ್ಲ. ಯಾರಿಗೂ ಗೊತ್ತಿಲ್ಲದಿರುವುದು ಊರಿನ ಹುಟ್ಟುಗುಣವಲ್ಲ, ನಡುವೆ ಎಲ್ಲೋ ಅದಕ್ಕೆ ಬಂದೊದಗಿದ್ದು ಎಂಬುದೇ ಇಲ್ಲಿಯ ವಾದ.

ಬ್ರಹ್ಮಗಿರಿಯ ಕಡೆಯಿಂದ ಶುರುಮಾಡೋಣ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ, ಪಕ್ಕದ ಸಿದ್ದಾಪುರದಲ್ಲಿ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಮೂರು ಶಾಸನಗಳನ್ನು ಗುರುತಿಸಿದರು. ಮೌರ್ಯರ ಆಡಳಿತ ಇಷ್ಟು ದಕ್ಷಿಣಕ್ಕೆ ಚಾಚಿತ್ತೆಂದು ಅಲ್ಲಿಯವರೆಗೆ ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ರೈಸ್ ಗುರುತಿಸಿದರು ಎಂದೆ. ಕಂಡುಹಿಡಿದರು ಎನ್ನಲು ಮನಸ್ಸು ಒಪ್ಪುವುದಿಲ್ಲ. ಏಕೆಂದರೆ ಬ್ರಹ್ಮಗಿರಿಯ ಬಂಡೆಗೆ ಊರಿನವರು ಮೊದಲೇ ಅಕ್ಷರಗುಂಡು ಎಂದು ಹೆಸರಿಟ್ಟಿದ್ದರು. ಓದಲು ಬಾರದಿದ್ದರೂ ಅದು ಬರಹ ಎಂಬುದು ಅವರಿಗೆ ಗೊತ್ತಿತ್ತು. ಜಟಿಂಗ ರಾಮೇಶ್ವರದ ಶಾಸನವಿರುವ ಕಲ್ಲಿಗೆ ಬಳೆಗಾರ ಗುಂಡು ಎಂದು ಹೆಸರು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗವಾದ್ದರಿಂದ. ಸಾಮ್ರಾಟನ ಮಾತಿನ ಪಕ್ಕದಲ್ಲೇ ಹಸಿರು ಬಳೆ, ಕೆಂಪು ಬಳೆ ಮಾರಾಟ! ಆ ಶಾಸನ ಈಗ ಬಹುಮಟ್ಟಿಗೆ ಸವೆದುಹೋಗಿದೆ.

ಬಂಡೆಯ ಮೇಲಿನ ಮಾತನ್ನು ಗಮನಿಸಬೇಕು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಬರೆದ ಒಕ್ಕಣೆ ಅದು. ಮೊದಲು ಇಸಿಲದವರ ಆರೋಗ್ಯ ವಿಚಾರಿಸಿ ಆಮೇಲೆ ದೊರೆಯ ಆದೇಶಕ್ಕೆ ಬರುತ್ತದೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಇದು ಹಿಂದಿನಿಂದ ಬಂದ ನಡತೆ ಎನ್ನುತ್ತದೆ. ಕ್ಷೇಮ ಕೇಳಿ ಕಾಗದ ಬರೆಯುವಷ್ಟು ಮುಖ್ಯರಾದ ಅಧಿಕಾರಿಗಳು ಈ ಬೆಟ್ಟದ ಬುಡದಲ್ಲಿ ಇದ್ದರು ಎಂದರೆ ಇದು ಯಾವ ಲೆಕ್ಕದಲ್ಲೂ ಮೂಲೆಯ ಊರಲ್ಲ. ಇಸಿಲ ಎಂಬ ಹೆಸರಿನಲ್ಲೇ ಕನ್ನಡವಿದೆ, ಬಾಣ ಬಿಡುವ ಅರ್ಥದ ‘ಇಸು’ ಧಾತು ಅದರ ಬೇರು ಎಂದು ಡಿ.ಎಲ್. ನರಸಿಂಹಾಚಾರ್ಯರು ಹೇಳಿದ್ದರು. ಅದು ಒಪ್ಪಿಗೆಯಾದರೆ ಬರಹದಲ್ಲಿ ಉಳಿದಿರುವ ಅತಿ ಹಳೆಯ ಕನ್ನಡದ ಮಾತುಗಳಲ್ಲಿ ಒಂದು ಮೊಳಕಾಲ್ಮೂರಿನ ಬಂಡೆಯ ಮೇಲಿದೆ. ಕೊನೆಯಲ್ಲಿ ಬರೆದವನ ರುಜುವೂ ಇದೆ, ಹೆಸರು ಚಪಡ. ಅವನ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಈಗ ಬೋಕಿ. ಅದು ಅಗಲವಾದ ಒಂದು ತಟ್ಟೆಯ ಚೂರು. ತಟ್ಟೆಯ ಅಂಚು ಒಳಕ್ಕೆ ಬಾಗಿದೆ, ಬಣ್ಣ ಬೂದು ಇಲ್ಲವೆ ಕಪ್ಪು, ಮೈ ಬೆರಳು ಜಾರುವಷ್ಟು ನುಣುಪು. ಒಳತಳದಲ್ಲಿ, ಅನ್ನ ಬಡಿಸುವ ಜಾಗದಲ್ಲಿ, ಒಂದರ ಸುತ್ತ ಒಂದರಂತೆ ಎರಡು ಮೂರು ಬಳೆಗಳು. ಕಣ್ಣಿಗೆ ಹತ್ತಿರ ಹಿಡಿದರೆ ಬಳೆ ಎಂದುಕೊಂಡದ್ದು ಗೆರೆಯಲ್ಲ. ಎಳ್ಳಿಗಿಂತ ಸಣ್ಣ ಚುಕ್ಕಿಗಳ, ಮುಕ್ಕೋನೆಗಳ ಒತ್ತೊತ್ತಾದ ಸಾಲು. ತಿಗರಿಯ ಮೇಲೆ ತಟ್ಟೆ ಸುತ್ತುತ್ತಿರುವಾಗ ಹಲ್ಲುಚಕ್ರವನ್ನು ಒತ್ತಿಯೋ, ಪುಟಿಯುವ ತೆಳು ಅಲಗನ್ನು ಸೋಕಿಸಿಯೋ ಅದನ್ನು ಮೂಡಿಸಿರಬೇಕು. ಪುರಾತತ್ತ್ವದವರು ಇದಕ್ಕೆ ರೂಲೆಟೆಡ್ ವೇರ್ ಎನ್ನುತ್ತಾರೆ.

ಈ ತಟ್ಟೆಯ ಬೆನ್ನು ಹತ್ತಿ ಬಂದವರು ಮಾರ್ಟಿಮರ್ ವ್ಹೀಲರ್. ಅವರಿಗಿಂತ ಮೊದಲೇ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗೆತ ನಡೆಸಿದ್ದರು. ಕೀರ್ತಿ ಮಾತ್ರ ಹೆಚ್ಚಾಗಿ ವ್ಹೀಲರ್ ಪಾಲಿಗೆ ಹೋಯಿತು. ವ್ಹೀಲರ್ 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅಗೆದಾಗ ಇಟಲಿಯಲ್ಲಿ ತಯಾರಾದ ಕೆಂಪು ಪಾತ್ರೆಗಳ ಚೂರು ಸಿಕ್ಕವು. ಅವುಗಳ ಕಾಲ ಯುರೋಪಿನವರಿಗೆ ಚೆನ್ನಾಗಿ ಗೊತ್ತಿದ್ದದ್ದೇ, ಕ್ರಿ.ಶ. ಒಂದನೆಯ ಶತಮಾನ. ಅವುಗಳ ಜೊತೆಗೇ ಈ ಬಳೆಯ ತಟ್ಟೆಯೂ ಇತ್ತು. ಹಾಗಾದರೆ ಇದೇ ತಟ್ಟೆ ಒಳನಾಡಿನಲ್ಲಿ ಎಲ್ಲಿ ಸಿಕ್ಕರೂ ಆ ಪದರದ ಕಾಲ ತಿಳಿಯಿತು, ಅದರ ಕೆಳಗಿನದೆಲ್ಲ ಅದಕ್ಕಿಂತ ಹಳೆಯದು. ಈ ಸರಳ ಲೆಕ್ಕ ಹಿಡಿದು 1947ರಲ್ಲಿ ಅವರು ಬ್ರಹ್ಮಗಿರಿಗೆ ಬಂದರು. ಮೇಲಿನ ಪದರದಲ್ಲಿ ತಟ್ಟೆಯ ಬೋಕಿ, ಅಂದರೆ ಶಾತವಾಹನರ ಕಾಲ. ಅದರ ಕೆಳಗೆ ಕಬ್ಬಿಣ ಬಳಸಿದ, ಕಲ್ಲುಗೋರಿ ಕಟ್ಟಿದ ಜನ. ಅವರು ಬಿಟ್ಟುಹೋದ ಗೋರಿಗಳು ಆ ಬಯಲಲ್ಲಿ ಸುಮಾರು 300. ಅದರ ಕೆಳಗೆ ಕಲ್ಲುಕೊಡಲಿಯ ಜನ. ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲಕ್ಕೆ ಮೊದಲ ಮೆಟ್ಟಿಲುಗಳು ಬಿದ್ದದ್ದು ಹೀಗೆ, ಮೊಳಕಾಲ್ಮೂರಿನ ಹೊಲದ ಗುಂಡಿಗಳಲ್ಲಿ.

ವ್ಹೀಲರ್ ಲೆಕ್ಕದಲ್ಲಿ ತಪ್ಪುಗಳಿದ್ದವು. ಕಲ್ಲುಕೊಡಲಿಯ ಜನ ಇಲ್ಲಿಗೆ ಬಂದದ್ದೇ ಕ್ರಿ.ಪೂ. ಒಂದನೆಯ ಸಹಸ್ರಮಾನದಲ್ಲಿ ಎಂದು ಅವರು ಎಣಿಸಿದ್ದರು. ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಗಳ ಇದ್ದಿಲಿನ ಕಾಲಪರೀಕ್ಷೆ ಬಂದ ಮೇಲೆ ಆ ಗಡಿ ಸಾವಿರ ವರ್ಷಕ್ಕೂ ಹಿಂದಕ್ಕೆ ಸರಿಯಿತು. ತಟ್ಟೆಯ ಕುಶಲತೆ ಮೆಡಿಟರೇನಿಯನ್ ಕಡೆಯಿಂದ ಬಂದದ್ದೆಂದೂ ಅವರು ನಂಬಿದ್ದರು. ಅರಿಕಮೇಡುವನ್ನು ಮತ್ತೆ ಪರಿಶೀಲಿಸಿದ ವಿಮಲಾ ಬೇಗ್ಲಿ ಅದು ರೋಮನ್ನರಿಗಿಂತ ಹಿಂದಿನಿಂದಲೂ ಇದ್ದದ್ದು, ಈ ನೆಲದ ಕುಂಬಾರರದೇ ಕೆಲಸ ಎಂದು ವಾದಿಸಿದರು. ತಟ್ಟೆಯ ಮಣ್ಣು ಗಂಗೆಯ ಕೆಳಬಯಲಿನದಿರಬೇಕು ಎಂಬ ಅಭಿಪ್ರಾಯ ಈಗ ಬಲವಾಗಿದೆ. ಇದರಿಂದ ನನ್ನ ವಾದಕ್ಕೆ ನಷ್ಟವಿಲ್ಲ, ಲಾಭವೇ ಇದೆ. ಕಡಲು ದಾಟಿ ಬಂದ ರೋಮಿನವನ ಕೈಯಿಂದಲೇ ಒಳನಾಡಿನ ಹಳ್ಳಿ ಕಣ್ಣು ತೆರೆಯಿತು ಎಂಬ ಕಥೆ ಅಲ್ಲಿಗೆ ಬಿದ್ದುಹೋಗುತ್ತದೆ.

ಇನ್ನು ಸೆಂಬಿರಾನ್. ಬಾಲಿಯವರೇ ಆದ ಪುರಾತತ್ತ್ವಜ್ಞ ಇ ವಯನ್ ಆರ್ದಿಕ 1987ರಿಂದ ಅಲ್ಲಿಯ ಕಡಲಂಚಿನ ನೆಲವನ್ನು ಅಗೆದರು. ಊರು ಇಂದು ಗುಡ್ಡದ ಇಳಿಜಾರಿನ ಮೇಲಿದೆ; ಹಳೆಯ ಬಂದರಿನ ಗುರುತುಗಳು ಕೆಳಗೆ, ಬೆಟ್ಟದಿಂದ ಕೊಚ್ಚಿಬಂದ ಮಣ್ಣಿನಡಿ ಹಲವು ಅಡಿ ಆಳದಲ್ಲಿ ಹೂತಿದ್ದವು. ಸಿಕ್ಕದ್ದು ಬಳೆಯ ತಟ್ಟೆಯ ಚೂರುಗಳು, ಅರಿಕಮೇಡುವಿನಲ್ಲಿ ಕಂಡಂಥದೇ ಬೇರೆ ಪಾತ್ರೆಗಳು, ಗಾಜಿನ ಮಣಿ, ಕಂಚಿನ ಡೋಲು ಎರಕ ಹೊಯ್ಯುವ ಕಲ್ಲಚ್ಚಿನ ತುಂಡು. 1991ರಲ್ಲಿ ಆರ್ದಿಕ ಮತ್ತು ಪೀಟರ್ ಬೆಲ್‌ವುಡ್ ಇದನ್ನು ಪ್ರಕಟಿಸಿದಾಗ ಆಗ್ನೇಯ ಏಷ್ಯಾದಲ್ಲಿ ಭಾರತದ ಪಾತ್ರೆಗಳು ಒಂದೇ ಕಡೆ ಅಷ್ಟು ಸಿಕ್ಕ ಉದಾಹರಣೆ ಬೇರೆ ಇರಲಿಲ್ಲ. ಮಣ್ಣಿನ ರಾಸಾಯನಿಕ ಪರೀಕ್ಷೆಯಲ್ಲಿ ಸೆಂಬಿರಾನ್, ಅರಿಕಮೇಡು, ಶ್ರೀಲಂಕಾದ ಅನುರಾಧಪುರದ ತಟ್ಟೆಗಳಿಗೆ ಹೊಂದಾಣಿಕೆ ಕಂಡಿತು. ಒಂದು ಚೂರಿನ ಮೇಲೆ ಮೂರು ಅಕ್ಷರಗಳನ್ನು ಗೀಚಲಾಗಿದೆ. ಖರೋಷ್ಠಿ ಎಂದು ಓದಿದವರಿದ್ದಾರೆ, ಬ್ರಾಹ್ಮಿ ಎಂದವರೂ ಇದ್ದಾರೆ. ಅದೂ ಒಂದು ಅಕ್ಷರಗುಂಡೇ, ಅಂಗೈಯಲ್ಲಿ ಹಿಡಿಯುವಷ್ಟು.

ಇಲ್ಲಿ ಯಾರಾದರೂ ತಡೆದು ಕೇಳಬೇಕು. ಒಂದೇ ಬಗೆಯ ತಟ್ಟೆ ಎರಡು ಕಡೆ ಸಿಕ್ಕ ಮಾತ್ರಕ್ಕೆ ಮೊಳಕಾಲ್ಮೂರಿಗೂ ಬಾಲಿಗೂ ನಂಟು ಕಟ್ಟಬಹುದೆ? ಒಂದೇ ಕಂಪನಿಯ ಪ್ಲಾಸ್ಟಿಕ್ ಕೊಡ ಚಳ್ಳಕೆರೆ ಸಂತೆಯಲ್ಲೂ ಸಿಗುತ್ತದೆ, ನೈರೋಬಿಯಲ್ಲೂ ಸಿಗುತ್ತದೆ. ಅಷ್ಟರಿಂದ ಇಬ್ಬರು ಬೀಗರಾದರೇನು? ಆಕ್ಷೇಪಣೆ ಸರಿಯಾಗಿಯೇ ಇದೆ. ಇಸಿಲದವನೊಬ್ಬ ಬಾಲಿಗೆ ಹೋದ ಎನ್ನಲು ಚೂರು ಪುರಾವೆಯೂ ಇಲ್ಲ. ತಟ್ಟೆ ಹತ್ತು ಕೈ ದಾಟಿ, ಎತ್ತಿನ ಬೆನ್ನೇರಿ, ಹಡಗು ಹತ್ತಿ ಬಂದಿರಬೇಕು. ಆದರೆ ನಾನು ಹೇಳುತ್ತಿರುವುದು ಪರಿಚಯದ ಮಾತಲ್ಲ, ದಾರಿಯ ಮಾತು. ಕೊಡದ ಹೋಲಿಕೆಯೂ ಕೊನೆಗೆ ಅದನ್ನೇ ಹೇಳುತ್ತದೆ: ಚಳ್ಳಕೆರೆಗೆ ರಸ್ತೆ ಇರುವುದರಿಂದಲೇ ಕೊಡ ಬಂತು. ಬ್ರಹ್ಮಗಿರಿಯಿಂದ ಪಡುವಣ ಕಡಲು ಇನ್ನೂರು ಕಿಲೋಮೀಟರಿಗೂ ಆಚೆ, ಮೂಡಣ ಕಡಲು ಮುನ್ನೂರಕ್ಕೂ ಆಚೆ. ಒರಟು ರಸ್ತೆಯಲ್ಲಿ ಒಡೆಯದೆ ಬರಬೇಕಾದ ಮಣ್ಣಿನ ತಟ್ಟೆ ಅಷ್ಟು ದೂರ ಒಳಕ್ಕೆ ಬಂತೆಂದರೆ ನಡುವೆ ಓಡಾಟ ಪಳಗಿತ್ತು, ಇಲ್ಲಿ ಕೊಳ್ಳುವವರಿದ್ದರು, ಬದಲಿಗೆ ಕೊಡಲು ಅವರ ಬಳಿ ಏನೋ ಇತ್ತು ಎಂದೇ ಅರ್ಥ. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿರುವುದೂ ಇದೇ ಸೀಮೆಯ ಮಾತು.

ಎರಡನೆಯ ಅಪಾಯ ಹೊಗಳಿಕೆಯ ಕಡೆಯಿಂದ ಬರುತ್ತದೆ. ನಮ್ಮ ತಟ್ಟೆ ಬಾಲಿಗೆ ಹೋಯಿತು, ಆದ್ದರಿಂದ ನಾವೇ ಅವರಿಗೆ ನಾಗರಿಕತೆ ಕಲಿಸಿದೆವು ಎಂದು ಎದೆಯುಬ್ಬಿಸುವ ಚಾಳಿ ಹಳೆಯದು. 1926ರಲ್ಲಿ ಕಲ್ಕತ್ತದಲ್ಲಿ ‘ಬೃಹತ್ತರ ಭಾರತ’ದ ಹೆಸರಿನಲ್ಲಿ ಸಂಘವೇ ಹುಟ್ಟಿತ್ತು. ಸೆಂಬಿರಾನ್ ನೆಲ ಇದಕ್ಕೆ ಸೊಪ್ಪು ಹಾಕುವುದಿಲ್ಲ. ಅಲ್ಲಿನ ಡೋಲು ಅಲ್ಲಿಯದೇ, ಎರಕದ ಅಚ್ಚೂ ಅಲ್ಲಿಯದೇ. ಬಂದ ಪಾತ್ರೆಯನ್ನು ತಮಗೆ ಬೇಕಾದಂತೆ ಬಳಸಿಕೊಂಡ, ಕೊಳ್ಳುವ ತಾಕತ್ತಿದ್ದ ಜನ ಅವರು. ಕಲಿಸಿದವರು, ಕಲಿತವರು ಎಂಬ ಲೆಕ್ಕ ಹಾಕಹೊರಟರೆ ಬ್ರಹ್ಮಗಿರಿಯೂ ಗಂಗೆಯ ಬಯಲಿನ ಶಿಷ್ಯನಾಗಿಬಿಡುತ್ತದೆ. ಸಾಮಾನು ತೆಗೆದುಕೊಂಡವರೆಲ್ಲ ಶಿಷ್ಯರಾದರೆ ಸಂತೆಯಲ್ಲಿ ಗುರುಗಳೇ ತುಂಬಿರಬೇಕಾಗುತ್ತದೆ.

ನನಗೆ ಹೆಚ್ಚು ಗಟ್ಟಿ ಎನಿಸುವ ಆಕ್ಷೇಪಣೆ ಬೇರೆ. ನುಣುಪು ತಟ್ಟೆ ಉಳ್ಳವರ ಮನೆಗೆ ಬಂದಿತ್ತು, ಮಹಾಮಾತ್ರರಿಗೆ ಕಾಗದವೂ ಬಂದಿತ್ತು. ಕಲ್ಲುಭೂಮಿ ಕೆದಕುತ್ತಿದ್ದ ಒಕ್ಕಲಿಗೆ, ದನ ಕಾಯುತ್ತಿದ್ದವನಿಗೆ ಅದರಿಂದ ಏನಾಯಿತು? ಬ್ರಹ್ಮಗಿರಿಯಲ್ಲಿ ಈ ಬೋಕಿ ಸಿಕ್ಕಿರುವುದು ಕೆಲವೇ ಚೂರು ಎಂಬುದೂ ನಿಜ. ಇದನ್ನು ಪೂರ್ತಿ ಅಲ್ಲಗಳೆಯಲಾರೆ. ಆದರೂ ಶಾಸನ ನೋಡಿ: ಅದು ಬಂದದ್ದು ಮಹಾಮಾತ್ರರಿಗಾದರೂ ಹೇಳುವುದು ಸಣ್ಣವರೂ ದೊಡ್ಡವರೂ ಇಬ್ಬರೂ ಪಾಲಿಸಬೇಕೆಂದು. ನೆರೆಹೊರೆಯ ಮೂರು ಬಂಡೆಗಳ ಮೇಲೆ ಅದನ್ನೇ ಕೊರೆಸಬೇಕಾದರೆ ಕೇಳಿಸಿಕೊಳ್ಳುವ ಜನ ಸುತ್ತ ಬೇಕಷ್ಟು ಇದ್ದಿರಬೇಕು. ತಟ್ಟೆ ಎಲ್ಲರ ಮನೆಗೆ ಬರದಿದ್ದರೂ ದೂರದ ಮಾತು ಎಲ್ಲರ ಕಿವಿಗೆ ಬಿದ್ದಿತ್ತು.

ಹಾಗಿದ್ದ ಊರು ಹೆಸರಿಲ್ಲದೆ ಹೋದದ್ದು ಹೇಗೆ? ಸೆಂಬಿರಾನ್ ಕಥೆ ತಾಮ್ರದ ಹಲಗೆಗಳಲ್ಲಿ ಸ್ವಲ್ಪ ಉಳಿದಿದೆ. ಕ್ರಿ.ಶ. 922ರಿಂದ ಮುಂದಿನ ಆ ಶಾಸನಗಳಲ್ಲಿ ಪಕ್ಕದ ಜುಲಾ ಎಂಬ ಬಂದರಿನ ಊರು ಬರುತ್ತದೆ. ವ್ಯಾಪಾರಿಗಳೂ ಬರುತ್ತಾರೆ, ಹಗೆಗಳ ದಾಳಿಗೆ ಜನ ಚೆದರಿದ್ದೂ ಬರುತ್ತದೆ. ಬಂದರು ಬಡವಾಯಿತು, ಹಡಗು ಬೇರೆ ದಂಡೆ ಹಿಡಿಯಿತು. ಇಂದು ಪ್ರವಾಸಿಗರ ದಟ್ಟಣೆ ದ್ವೀಪದ ತೆಂಕಣ ಮಗ್ಗುಲಲ್ಲಿ. ಇಸಿಲದ ಕಥೆಗೆ ಅಂಥ ತಾಮ್ರಪಟವಿಲ್ಲ. ಹೆಸರು ಬಂಡೆಯಲ್ಲಿ ಉಳಿದು ಜನರ ಬಾಯಲ್ಲಿ ಅಳಿಯಿತು. ಈ ಕಡೆಯ ಜನರ ದಾರಿಗಳು ಮಾತ್ರ ನಿಂತಿರಲಿಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ಕೂಟ 1088ರಲ್ಲಿ ಸುಮಾತ್ರಾದ ಬಾರೂಸ್‌ನಲ್ಲಿ ತಮಿಳು ಶಾಸನ ಹಾಕಿಸಿತು. 1365ರಲ್ಲಿ ಜಾವಾದ ಪ್ರಪಂಚ ಕವಿ ಬರೆದ ‘ನಾಗರಕೃತಾಗಮ’ ತನ್ನ ದೊರೆಯ ಊರಿಗೆ ಬರುವ ಪರದೇಶಿಗಳನ್ನು ಎಣಿಸುವಾಗ ಕರ್ನಾಟಕದ ಹೆಸರನ್ನೂ ಹೇಳುತ್ತದೆ. ಆಮೇಲೆ ಬಂದವು ಬ್ರಿಟಿಷರ ಕಾಲದ ಗಡಿಗಳು. ಮೊಳಕಾಲ್ಮೂರು ಮೈಸೂರು ಸಂಸ್ಥಾನದ ತುದಿಯಲ್ಲಿ, ಮದ್ರಾಸ್ ಪ್ರಾಂತ್ಯದೊಳಕ್ಕೆ ಚಾಚಿದ ಬೆರಳಿನಂತೆ ಉಳಿಯಿತು. ಗಡಿಯ ತಾಲ್ಲೂಕು ಎಂದರೆ ಎರಡೂ ಕಡೆಯ ನಕ್ಷೆಯಲ್ಲಿ ಅಂಚು. ಊರು ಕದಲಲಿಲ್ಲ, ನಡುವೇ ಬೇರೆ ಕಡೆಗೆ ಸರಿಯಿತು. ಮೊಳಕಾಲ್ಮೂರಿನ ರೇಷ್ಮೆ ಸೀರೆ ಇವತ್ತೂ ದೂರದೂರದ ಮದುವೆಗಳಿಗೆ ಹೋಗುತ್ತದೆ. ಬಳ್ಳಾರಿ–ಹಿರಿಯೂರು ಹೆದ್ದಾರಿಯ ಲಾರಿಗಳು ರಾಂಪುರವನ್ನು ದಾಟಿ ಓಡುತ್ತವೆ, ಬ್ರಹ್ಮಗಿರಿಯತ್ತ ತಿರುಗುವವು ಅಪರೂಪ.

ಈಗ ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ, ಎಡದಿಂದ ಬಲಕ್ಕೆ ಇದೆ. ತನ್ನ ಹೆಸರು ಬರೆದು, ತಾನು ಲಿಪಿಕಾರ ಎನ್ನುವ ಕೊನೆಯ ಪದಕ್ಕೆ ಬಂದಾಗ ಮಾತ್ರ ಅವನು ಲಿಪಿ ಬದಲಿಸಿದ: ‘ಲಿಪಿಕರೇಣ’ ಎಂಬ ಐದಕ್ಷರವನ್ನು ಗಾಂಧಾರ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದ. ವಾಯವ್ಯದಲ್ಲಿ ಕಲಿತವನಿರಬೇಕು, ಇಲ್ಲವೆ ಅಲ್ಲಿಯವನೇ. ಇಸಿಲದಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ ಇದ್ದರೋ; ಒಬ್ಬನೂ ಇರದಿದ್ದರೂ ಅಚ್ಚರಿಯಿಲ್ಲ. ಆದರೂ ಬರೆದ. ತನಗೆ ಇನ್ನೊಂದು ಲಿಪಿಯೂ ಬರುತ್ತದೆ ಎಂದು ತೋರಿಸಿಕೊಳ್ಳುವ ಆ ಸಣ್ಣ ಜಂಬ ಬ್ರಹ್ಮಗಿರಿಯ ಬಂಡೆಯ ಮೇಲೆ ಇನ್ನೂ ಇದೆ, ಉಳಿದ ಸಾಲುಗಳಿಗೆ ಎದುರು ದಿಕ್ಕಿನಲ್ಲಿ.