ತಪ್ಪು ಬೆರಳಿನದೋ, ಯಂತ್ರದ್ದೋ?

2018ರ ಫೆಬ್ರುವರಿಯಲ್ಲಿ ಒಂದು ತೆಲುಗು ಅಕ್ಷರ ಐಫೋನುಗಳನ್ನು ಕಂಗೆಡಿಸಿತು. ‘ಜ್ಞಾನ’ದ ಮೊದಲಕ್ಷರ ‘ಜ್ಞಾ’. ತೆಲುಗು ಲಿಪಿಯ ಆ ಒತ್ತಕ್ಷರದ ಒಂದು ರೂಪ ಸಂದೇಶದಲ್ಲಿ ಬಂದರೆ ಸಾಕು, ಆ್ಯಪ್ ತಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಅದು ಬಗ್, ಅಂದರೆ ತಂತ್ರಾಂಶದ ದೋಷ, ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಫೆಬ್ರುವರಿ 19ರಂದು ಆ್ಯಪಲ್ ಐಒಎಸ್ 11.2.6 ಬಿಡುಗಡೆ ಮಾಡಿ ಸರಿಪಡಿಸಿತು.

ಈಗ ಅದೇ ತೆಲುಗು ನಾಡಿನ ರೇಷನ್ ಅಂಗಡಿಗೆ ಬನ್ನಿ. ಆಂಧ್ರಪ್ರದೇಶ 2015ರಿಂದ ಹಂತಹಂತವಾಗಿ ನ್ಯಾಯಬೆಲೆ ಅಂಗಡಿಗಳಿಗೆ ಇ-ಪೋಸ್ ಯಂತ್ರ ತಂದಿತು. ಕಾರ್ಡುದಾರರು ಬೆರಳು ಒತ್ತಬೇಕು. ಯಂತ್ರ ಆ ಗುರುತನ್ನು ಆಧಾರ್‌ನ ದತ್ತಾಂಶ ಕೇಂದ್ರಕ್ಕೆ ಕಳಿಸುತ್ತದೆ. ಹೌದು ಎಂಬ ಉತ್ತರ ಬಂದರೆ ಅಕ್ಕಿ ತೂಗುತ್ತಾರೆ.

ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಉಪ್ಪು, ಮಂಜುಗಡ್ಡೆಯ ನಡುವೆ ದುಡಿಯುವ ಹೆಂಗಸಿನ ಕೈ ನೋಡಿ. ವಿಜಯವಾಡದ ಸುತ್ತಿನ ಗದ್ದೆಗಳ ಕೆಸರಿನಲ್ಲಿ ನಾಟಿ ಹಾಕುವವಳ ಕೈ ನೋಡಿ. ದುಡಿದು ದುಡಿದು ಬೆರಳ ಗೆರೆಗಳು ಸವೆದಿರುತ್ತವೆ. ವಯಸ್ಸಾದಂತೆ ಇನ್ನಷ್ಟು ಮಾಸುತ್ತವೆ. ಅಂಥವಳು ಅಂಗಡಿಯ ಯಂತ್ರದ ಮುಂದೆ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ತೋರುಬೆರಳು, ಆಮೇಲೆ ಇನ್ನೊಂದು ಕೈ. ಅಲ್ಲಿ ‘ವೇಲಿಮುದ್ರ ಪಡಟಂ ಲೇದು’ ಎನ್ನುತ್ತಾರೆ, ನಮ್ಮಲ್ಲಿ ‘ತಂಬ್ ತಗೊಳ್ತಿಲ್ಲ’ ಎನ್ನುತ್ತಾರೆ. ಕೊನೆಗೆ ಎಲ್ಲರೂ ನೋಡುವುದು ಅವಳ ಬೆರಳನ್ನೇ.

ತಂತ್ರಾಂಶ ಮಾಡಿದವರನ್ನು ಕೇಳಿದರೆ ಇದು ಬಗ್ ಅಲ್ಲ ಎನ್ನಬಹುದು. ಕೋಡ್ ಹೇಳಿದ್ದನ್ನೇ ಮಾಡಿದೆ. ಗುರುತು ಹೊಂದಲಿಲ್ಲ, ತಿರಸ್ಕರಿಸಿದೆ. ಆದರೆ ಎಷ್ಟು ಹೊಂದಿದರೆ ಸಾಕು ಎಂಬ ಗೆರೆಯನ್ನು ಎಳೆದವರು ಮನುಷ್ಯರೇ. ಗೆರೆ ಬಿಗಿ ಮಾಡಿದರೆ ನಿಜವಾದ ಹಕ್ಕುದಾರರು ಹೊರಗುಳಿಯುತ್ತಾರೆ, ಸಡಿಲಿಸಿದರೆ ಬೇರೆಯವರು ಒಳಗೆ ನುಸುಳುತ್ತಾರೆ. ಎರಡರಲ್ಲಿ ಯಾವ ತಪ್ಪನ್ನು ಸಹಿಸಬಹುದು, ಅನುಮಾನ ಬಂದಾಗ ಅಕ್ಕಿ ಕೊಡಬೇಕೋ ಬೇಡವೋ ಎಂಬುದು ಯಂತ್ರ ತಯಾರಾಗುವ ಮೊದಲೇ ಆದ ತೀರ್ಮಾನ. ಹಸಿದವರಿಗೆ ಅನ್ನ ತಲುಪಿಸಲೆಂದೇ ಕಟ್ಟಿದ ವ್ಯವಸ್ಥೆ ಹಸಿದವರನ್ನು ಬರಿಗೈಯಲ್ಲಿ ಕಳಿಸಿದರೆ, ಅದನ್ನು ಬಗ್ ಎನ್ನದೆ ಇನ್ನೇನೆನ್ನಬೇಕು? ಆ್ಯಪ್ ಮುಚ್ಚಿಕೊಂಡರೆ ಎಲ್ಲರಿಗೂ ಕಾಣುತ್ತದೆ. ವಿನ್ಯಾಸದ ದೋಷ ಕಾಣುವುದಿಲ್ಲ, ಏಕೆಂದರೆ ಅದರ ತಪ್ಪನ್ನು ಬಳಸುವವರ ತಲೆಗೆ ಕಟ್ಟಿಬಿಡುತ್ತೇವೆ.

ಸರಿಪಡಿಸಲು ಆಗದ್ದೇನಲ್ಲ ಎಂಬುದನ್ನೂ ಆಂಧ್ರವೇ ತೋರಿಸಿದೆ. ಬೆರಳು ಒಪ್ಪದವರ ಪರವಾಗಿ ಗ್ರಾಮ ಕಂದಾಯಾಧಿಕಾರಿ ತಮ್ಮ ಬೆರಳೊತ್ತಿ ರೇಷನ್ ಕೊಡಿಸುವ ದಾರಿ ಅಲ್ಲಿ ಮಾಡಲಾಗಿತ್ತು. 2021ರ ಜನವರಿ 21ರಂದು ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ಮನೆಬಾಗಿಲಿಗೆ ರೇಷನ್ ಒಯ್ಯುವ ವಾಹನಗಳಿಗೆ ಚಾಲನೆ ಸಿಕ್ಕಿತು. ರಾಜ್ಯಕ್ಕೆಲ್ಲ ಒಟ್ಟು 9,260 ವಾಹನ. 2025ರ ಜೂನ್ 1ರಿಂದ ವಿತರಣೆ ಮತ್ತೆ ಅಂಗಡಿಗಳಿಗೆ ಮರಳಿತು. ಆಗಲೂ 65 ದಾಟಿದವರಿಗೆ, ಅಂಗವಿಕಲರಿಗೆ ಮನೆಗೇ ತಲುಪಿಸುವ ಏರ್ಪಾಡು ಉಳಿಯಿತು. ಇವು ಯಾವುವೂ ಕೋಡಿನ ಒಂದು ಸಾಲು ತಿದ್ದಿ ಆದವಲ್ಲ. ಯಾರಿಗೆ ಕಷ್ಟವಾಗುತ್ತಿದೆ ಎಂದು ನೋಡಿ, ಏರ್ಪಾಡನ್ನೇ ಬದಲಿಸಿದ್ದು.

ನಮ್ಮ ಕರ್ನಾಟಕದ ಅಂಗಡಿಗಳಲ್ಲೂ ಬೆರಳೊತ್ತುವ ಸಾಲುಗಳಿವೆ. ‘ಜ್ಞಾ’ ಬೇಗ ಸರಿಹೋದದ್ದು ಅದನ್ನು ದೋಷವೆಂದು ಕರೆದು ಬರೆದುಕೊಂಡದ್ದರಿಂದ. ಯಂತ್ರ ತಿರಸ್ಕರಿಸಿದ ಪ್ರತಿ ಬೆರಳಿಗೂ ಹಾಗೆಯೇ ಒಂದು ದೂರು ಸಂಖ್ಯೆ ಬೀಳಲಿ, ಅದರ ಚೀಟಿ ಬೆರಳೊತ್ತಿದವರ ಕೈಗೆ ಸಿಗಲಿ, ಆ ತಿಂಗಳ ಅಕ್ಕಿಯ ಜೊತೆಗೆ.