ಸಂಜೆಗೆ ಬಾತುಕೊಳ್ಳುವ ಕಾಲು

ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬೆಳಗ್ಗೆ ಊರು ತಲಪಿದಾಗ, ಬಿಚ್ಚಿಟ್ಟ ಪಾದರಕ್ಷೆಯೊಳಕ್ಕೆ ಕಾಲು ತೂರದೆ ಒದ್ದಾಡಿದ ಅನುಭವ ವಾಚಕರಲ್ಲಿ ಹಲವರಿಗಾದರೂ ಇದ್ದೀತು. ದಿನವೆಲ್ಲ ಕರಿಹಲಗೆಯ ಮುಂದೆ ನಿಲ್ಲುವ ಉಪಾಧ್ಯಾಯರು ಸಂಜೆಯ ವೇಳೆಗೆ ಇದನ್ನೇ ಕಾಣುತ್ತಾರೆ. ಕಣಕಾಲಿನ ಬಳಿ ಹೆಬ್ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ತೆಗೆದರೆ ಅಲ್ಲೊಂದು ಗುಳಿ ಉಳಿಯುತ್ತದೆ. ಅಲ್ಲಿ ಸೇರಿರುವುದು ಕೊಬ್ಬಲ್ಲ, ವಾಯುವೂ ಅಲ್ಲ, ನೀರು.

ಹೃದಯದಿಂದ ಹೊರಟ ರಕ್ತ ಪಾದಕ್ಕೆ ಇಳಿಯುವುದು ಸುಲಭ. ಮರಳಿ ಮೇಲೇರುವುದು ಕಷ್ಟ. ಅಲುಗಾಡದೆ ನಿಂತವನ ಪಾದದ ಸಿರೆಗಳಲ್ಲಿ ಒತ್ತಡವು ಸುಮಾರು 90 ಮಿಲಿಮೀಟರ್ ಪಾದರಸದಷ್ಟಾಗುತ್ತದೆ. ಆಗ ಅತಿ ಸೂಕ್ಷ್ಮವಾದ ಲೋಮನಾಳಗಳ ಗೋಡೆಯ ಮೂಲಕ ರಕ್ತದ ನೀರಿನಂಶ ಹೊರಕ್ಕೆ ಒಸರುತ್ತದೆ. ರಕ್ತದಲ್ಲಿರುವ ಸಸಾರಜನಕ ವಸ್ತುಗಳು ಅದನ್ನು ತಡೆದಿಡಲು ಎಳೆಯುತ್ತಿರುತ್ತವೆ. ಈ ಎಳೆದಾಟವನ್ನು 1896ರಲ್ಲಿ ವಿವರಿಸಿದವನು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್. ಒಸರಿದುದನ್ನು ದುಗ್ಧನಾಳಗಳು ಹೀರಿ ರಕ್ತಕ್ಕೆ ಮರಳಿಸುತ್ತವೆ. ಅವುಗಳ ಶಕ್ತಿಗೆ ಮೀರಿದುದೇ ಬಾವು.

ನಿಸರ್ಗವು ಇದಕ್ಕೊಂದು ಏತವನ್ನು ಕಟ್ಟಿಕೊಟ್ಟಿದೆ. ಅದು ನಮ್ಮ ಮೀನಖಂಡ. ಹೆಜ್ಜೆಯಿಟ್ಟಾಗಲೆಲ್ಲ ಅಲ್ಲಿನ ಸ್ನಾಯು ಸಿರೆಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತದೆ. ಏರಿದ ರಕ್ತ ಕೆಳಗಿಳಿಯದಂತೆ ಕವಾಟಗಳು ಮುಚ್ಚಿಕೊಳ್ಳುತ್ತವೆ. ಈ ಕವಾಟಗಳ ನಿಜವಾದ ಅರ್ಥವನ್ನು 1628ರಲ್ಲಿ ಲೋಕಕ್ಕೆ ತಿಳಿಸಿದವನು ವಿಲಿಯಂ ಹಾರ್ವೆ. ನಡೆಯತೊಡಗಿದರೆ ಪಾದದ ಸಿರೆಗಳ ಒತ್ತಡ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಬಸ್ಸಿನಲ್ಲಿ ನಡೆಯಲಾಗದಿದ್ದರೂ ಹಿಮ್ಮಡಿಯನ್ನು ಎತ್ತಿ ಇಳಿಸುತ್ತಿರಲು ಯಾರ ಅಪ್ಪಣೆಯೂ ಬೇಕಿಲ್ಲ.

ಮನೆಗೆ ಬಂದ ಮೇಲೆ ಅಂಗಾತ ಮಲಗಿ, ದಿಂಬುಗಳ ಮೇಲೆ ಪಾದಗಳನ್ನು ಹೃದಯದ ಮಟ್ಟಕ್ಕಿಂತ ಮೇಲಿರಿಸಬೇಕು. ಮಣೆಯ ಮೇಲೆ ಕಾಲಿಟ್ಟು ಕುಳಿತರೆ ಸಾಲದು. ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಕಾಲದ್ದಿದರೆ ಹಾಯೆನಿಸುವುದು ನಿಜ; ಆದರೆ ಆ ಉಪ್ಪು ಒಳಗಿನ ನೀರನ್ನು ಸೆಳೆಯಲಾರದು. ಬಿಸಿಗೆ ರಕ್ತನಾಳಗಳು ಹಿಗ್ಗಿ ಬಾವು ಹೆಚ್ಚಲೂಬಹುದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದವರಿಗಂತೂ ಸುಟ್ಟುದೂ ತಿಳಿಯುವುದಿಲ್ಲ. ಉಪ್ಪಿನ ವಿಚಾರದಲ್ಲಿ ಎಚ್ಚರವಿರಬೇಕಾದುದು ಬಕೆಟ್ಟಿನಲ್ಲಲ್ಲ, ಎಲೆಯಲ್ಲಿ. ದೇಹದ್ರವದ ಪ್ರತಿ ಲೀಟರಿನಲ್ಲೂ ಸುಮಾರು 9 ಗ್ರಾಂ ಉಪ್ಪಿರುತ್ತದೆ. ಹೊರಹೋಗದೆ ಉಳಿದ ಉಪ್ಪು ಅದೇ ಪ್ರಮಾಣದಲ್ಲಿ ನೀರನ್ನೂ ಹಿಡಿದಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಮೆ. ಹಪ್ಪಳ, ಉಪ್ಪಿನಕಾಯಿಗಳೂ ಈ ಲೆಕ್ಕಕ್ಕೆ ಸೇರಿದವೇ.

ಇಷ್ಟೆಲ್ಲ ಹೇಳಿದುದು ಎರಡೂ ಕಾಲಿಗೆ ಸಂಜೆ ಬಂದು ಬೆಳಗ್ಗೆ ಮಾಯವಾಗುವ ಬಾವಿನ ಮಾತು. ಒಂದೇ ಕಾಲು ಹಠಾತ್ತನೆ ಬಾತು, ನೋವಿನಿಂದ ಬೆಚ್ಚಗಾದರೆ, ಒಳಗಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ಅಜ್ಜಿಯ ಎಣ್ಣೆಯ ಬಟ್ಟಲು ಹತ್ತಿರ ಬರಕೂಡದು. ನೀವುತ್ತಿರುವಾಗ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಸಾಗಿದರೆ ಪ್ರಾಣಕ್ಕೇ ಅಪಾಯ. ಅಂಥವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬಾವಿನೊಡನೆ ಏದುಸಿರು ಕಂಡರೆ ಹೃದಯವನ್ನೂ, ಬೆಳಗ್ಗೆ ಕಣ್ಣಿನ ರೆಪ್ಪೆ ಊದಿದ್ದರೆ ಮೂತ್ರಪಿಂಡವನ್ನೂ ಪರೀಕ್ಷಿಸಬೇಕಾಗುತ್ತದೆ. ಗರ್ಭಿಣಿಯ ಮುಖ, ಕೈಗಳು ಒಮ್ಮೆಲೇ ಬಾತು ತಲೆನೋವು ಬಂದರೆ ತಡಮಾಡಲೇಬಾರದು.

ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದಲೂ ಕೆಲವರ ಪಾದ ಬಾಯುತ್ತದೆ. ಅದನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿದರೆ, ಅವರು ಪ್ರಮಾಣವನ್ನು ತಗ್ಗಿಸಿಯೋ ಬೇರೆ ಮಾತ್ರೆ ಬರೆದೋ ಕೊಡುತ್ತಾರೆ.