ನಾಡಿ ಸಿಗದ ಜೀವಕ್ಕೆ ಮನೆಯೇ ಕಾವಲು

ಪೀಟರ್ ಹೌಟನ್ ಅವರ ಕಿವಿಯ ಹಿಂದೆ ಒಂದು ಪ್ಲಗ್ ಇತ್ತು. ಬುರುಡೆಯ ಮೂಳೆಗೆ ಸ್ಕ್ರೂ ಹಾಕಿ ಕೂರಿಸಿದ್ದ ಆ ಪ್ಲಗ್ಗಿನಿಂದ ಹೊರಟ ತಂತಿ ಹೆಗಲಿನ ಚೀಲದಲ್ಲಿದ್ದ ಬ್ಯಾಟರಿಗೆ ಸೇರುತ್ತಿತ್ತು. 2000ದ ಜೂನ್‌ನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಶಸ್ತ್ರವೈದ್ಯ ಸ್ಟೀಫನ್ ವೆಸ್ಟಬಿ ಅವರ ತಂಡ ಹೌಟನ್ ಅವರ ಸೋತ ಹೃದಯಕ್ಕೆ ‘ಜಾರ್ವಿಕ್ 2000’ ಎಂಬ ಹೆಬ್ಬೆರಳು ಗಾತ್ರದ ಪಂಪ್ ಜೋಡಿಸಿತ್ತು. ಬದಲಿ ಹೃದಯ ಸಿಗುವವರೆಗಿನ ತಾತ್ಕಾಲಿಕ ಏರ್ಪಾಡು ಅದಾಗಿರಲಿಲ್ಲ. ಬದುಕಿರುವಷ್ಟು ದಿನವೂ ಅದೇ ಆಸರೆ ಎಂದುಕೊಂಡೇ ಕೂರಿಸಿದ್ದು.

ಇನ್ನು ಹೆಚ್ಚು ದಿನ ಇಲ್ಲ ಎನಿಸಿಕೊಂಡಿದ್ದ ಹೌಟನ್ ಆ ಬಳಿಕ ಏಳು ವರ್ಷಕ್ಕೂ ಮಿಕ್ಕಿ ಬದುಕಿದರು. ಪ್ರವಾಸ ಹೋದರು, ಪುಸ್ತಕ ಬರೆದರು, ಸೇವಾಕಾರ್ಯಕ್ಕೆ ಹಣ ಕೂಡಿಸಲು ಮೈಲಿಗಟ್ಟಲೆ ನಡೆದರು. 2007ರ ನವೆಂಬರ್‌ನಲ್ಲಿ ದೇಹದ ಬೇರೆ ಅಂಗಗಳು ಸೋತು ಅವರು ತೀರಿಕೊಂಡರು.

ತಂತಿಯನ್ನು ಹೊಟ್ಟೆಯಿಂದ ಹೊರತರುವುದು ಬಿಟ್ಟು ತಲೆಗೇ ಒಯ್ದದ್ದು ಯಾಕೆ? ತಲೆಯ ಚರ್ಮಕ್ಕೆ ರಕ್ತದ ಹರಿವು ಧಾರಾಳ, ಅಲ್ಲಿ ಸೋಂಕು ಸುಲಭಕ್ಕೆ ಬೇರೂರುವುದಿಲ್ಲ. ಪಂಪ್ ಕೂರಿಸುವಾಗಲೇ ವೈದ್ಯರು ಮುಂದಿನ ವರ್ಷಗಳ ತೊಂದರೆಯನ್ನು ಲೆಕ್ಕ ಹಾಕಿದ್ದರು. ಹೃದಯಕ್ಕೆ ಯಂತ್ರದ ಆಸರೆ ಪಡೆದವರ ಬದುಕೆಲ್ಲ ನಿಂತಿರುವುದು ಇಂಥ ಲೆಕ್ಕಾಚಾರದ ಮೇಲೆ. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಅದರ ಮುಂದಿನ ಚಿಕಿತ್ಸೆ ಮನೆಯಲ್ಲಿ, ದಿನಾಲೂ, ವರ್ಷಗಟ್ಟಲೆ ನಡೆಯಬೇಕು.

ಯಂತ್ರ ಮಾಡುವ ಕೆಲಸ

ವೈದ್ಯರ ಬಾಯಲ್ಲಿ ಈ ಆಸರೆ ಪಂಪ್ ‘ಎಲ್‌ವ್ಯಾಡ್’. ಹೃದಯದ ಎಡ ಕೆಳಕೋಣೆಗೆ ರಕ್ತವನ್ನು ಮೈಗೆಲ್ಲ ತಳ್ಳುವ ಶಕ್ತಿ ಉಡುಗಿದಾಗ, ಈ ಪಂಪ್ ಅಲ್ಲಿಂದಲೇ ರಕ್ತ ಎಳೆದು ಒಂದು ಕೊಳವೆಯ ಮೂಲಕ ಮಹಾಪಧಮನಿಗೆ ಹರಿಸುತ್ತದೆ. ಹೃದಯ ಇದ್ದಲ್ಲೇ ಇರುತ್ತದೆ, ಅದರ ಹೊರೆಗೆ ಯಂತ್ರ ಹೆಗಲು ಕೊಡುತ್ತದೆ. ಪಂಪ್‌ನಿಂದ ಹೊರಟ ‘ಡ್ರೈವ್‌ಲೈನ್’ ಎಂಬ ತಂತಿ ಸಾಮಾನ್ಯವಾಗಿ ಹೊಟ್ಟೆಯ ಚರ್ಮ ತೂರಿ ಹೊರಬಂದು, ಸೊಂಟದಲ್ಲಿ ಕಟ್ಟಿಕೊಂಡ, ಪಂಪನ್ನು ನಡೆಸುವ ಕಂಟ್ರೋಲರ್‌ಗೆ ಸೇರುತ್ತದೆ. ಕಂಟ್ರೋಲರ್‌ಗೆ ಎರಡು ಬ್ಯಾಟರಿ. ಇಂದು ಹೆಚ್ಚು ಬಳಕೆಯಲ್ಲಿರುವ ‘ಹಾರ್ಟ್‌ಮೇಟ್ 3’ ಪಂಪ್ ಸಾಮಾನ್ಯವಾಗಿ ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗುತ್ತದೆ.

ಪಂಪ್ ರಕ್ತವನ್ನು ಎಡೆಬಿಡದೆ ಹರಿಸುತ್ತದೆ. ಹಾಗಾಗಿ ಹಲವರಲ್ಲಿ ಮಣಿಕಟ್ಟು ಹಿಡಿದರೆ ನಾಡಿ ಸಿಗುವುದೇ ಇಲ್ಲ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ 2010ರಿಂದ 2012ರಲ್ಲಿ ಬದಲಿ ಹೃದಯ ಸಿಗುವವರೆಗೆ ಸುಮಾರು 20 ತಿಂಗಳು ಇಂಥದೊಂದು ಪಂಪ್ ನಂಬಿ ಬದುಕಿದ್ದರು.

ಔಷಧವೊಂದನ್ನೇ ನೆಚ್ಚಿಕೊಂಡ ತೀವ್ರ ಹೃದಯ ವೈಫಲ್ಯದ ರೋಗಿಗಳಿಗಿಂತ ಪಂಪ್ ಹಾಕಿಸಿಕೊಂಡವರು ಹೆಚ್ಚು ಕಾಲ ಬದುಕುತ್ತಾರೆ ಎಂದು ತೋರಿಸಿದ್ದು 2001ರಲ್ಲಿ ಪ್ರಕಟವಾದ ‘ರೀಮ್ಯಾಚ್’ ಅಧ್ಯಯನ. ಒಂದು ವರ್ಷದ ಕೊನೆಗೆ ಪಂಪ್ ಇದ್ದವರಲ್ಲಿ 52% ಜನ ಬದುಕಿದ್ದರು, ಔಷಧ ಮಾತ್ರ ಪಡೆದವರಲ್ಲಿ 25%. ಎರಡು ವರ್ಷದ ಹೊತ್ತಿಗೆ ಪಂಪ್ ಇದ್ದವರಲ್ಲೂ ಉಳಿದದ್ದು 23% ಮಾತ್ರ. ಸೋಂಕು ಮತ್ತು ಯಂತ್ರದ ವೈಫಲ್ಯವೇ ಹೆಚ್ಚಿನವರ ಜೀವ ತೆಗೆದಿದ್ದವು. ಹಾರ್ಟ್‌ಮೇಟ್ 3 ಪಡೆದವರಲ್ಲಿ ಐದು ವರ್ಷದ ಬಳಿಕವೂ 58% ಜನ ಬದುಕಿದ್ದರೆಂದು 2022ರಲ್ಲಿ ವರದಿಯಾಯಿತು. ಈ ಇಪ್ಪತ್ತು ವರ್ಷಗಳಲ್ಲಿ ಪಂಪ್ ಸುಧಾರಿಸಿತು, ತೊಂದರೆಗಳನ್ನು ಮೊದಲೇ ಗುರುತಿಸುವ ಕಣ್ಣೂ ಪಳಗಿತು.

ತಕ್ಕಡಿಯ ಎರಡು ತಟ್ಟೆ

ಮೊದಲ ಸವಾಲು ರಕ್ತದ್ದು. ಲೋಹದ ಮೈ ತಾಗಿದರೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಆ ಹೆಪ್ಪು ಪಂಪನ್ನು ಕಟ್ಟಿಹಾಕಬಹುದು, ಮಿದುಳಿಗೆ ಹೋದರೆ ಪಾರ್ಶ್ವವಾಯು ತರಬಹುದು. ಅದಕ್ಕಾಗಿ ರೋಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗಲೇಬೇಕು. ಆದರೆ ಮಾತ್ರೆಯ ಪ್ರಭಾವ ಹೆಚ್ಚಾದರೆ ರಕ್ತಸ್ರಾವ. ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯುವ ತಕ್ಕಡಿ ಇದು.

ಪಂಪ್ ತಾನೇ ತಕ್ಕಡಿಯನ್ನು ಇನ್ನಷ್ಟು ವಾಲಿಸುತ್ತದೆ. ಗಾಯದಲ್ಲಿ ರಕ್ತ ನಿಲ್ಲಿಸಲು ‘ವಾನ್ ವಿಲ್ಲೆಬ್ರಾಂಡ್’ ಎಂಬ ಉದ್ದನೆಯ ಪ್ರೋಟೀನ್ ಬೇಕು. ಗರಗರ ತಿರುಗುವ ಪಂಪ್‌ನ ಎಳೆತಕ್ಕೆ ಅದು ತುಂಡಾಗುತ್ತದೆ. ಮಿಡಿತವಿಲ್ಲದ ಹರಿವಿನಿಂದ ಕರುಳಿನ ಒಳಪದರದಲ್ಲಿ ದುರ್ಬಲ ರಕ್ತನಾಳಗಳೂ ಹುಟ್ಟಿಕೊಳ್ಳುತ್ತವೆ. ಪರಿಣಾಮವಾಗಿ ಹೊಟ್ಟೆ, ಕರುಳುಗಳಲ್ಲಿ ಸದ್ದಿಲ್ಲದೆ ರಕ್ತ ಸೋರುತ್ತದೆ. ಹಾರ್ಟ್‌ಮೇಟ್ 3 ಪಂಪ್‌ನಲ್ಲಿ ತಿರುಗುವ ಭಾಗ ಕಾಂತಶಕ್ತಿಯಿಂದ ತೇಲುತ್ತದೆ, ರಕ್ತ ಹಾಯಲು ಜಾಗ ಅಗಲ. ಅದನ್ನು ಹಿಂದಿನ ಹಾರ್ಟ್‌ಮೇಟ್ 2ರ ಜತೆ ಹೋಲಿಸಿದ, 1,028 ರೋಗಿಗಳ ‘ಮೊಮೆಂಟಮ್ 3’ ಅಧ್ಯಯನದ ಎರಡು ವರ್ಷಗಳಲ್ಲಿ ಪಂಪ್‌ನೊಳಗೆ ಹೆಪ್ಪುಗಟ್ಟಿದ ಶಂಕೆ ಸುಮಾರು 14%ರಿಂದ 1.4%ಗೆ ಇಳಿಯಿತು, ಪಾರ್ಶ್ವವಾಯು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಆದರೂ ನಾಲ್ವರಲ್ಲಿ ಒಬ್ಬರಿಗೆ ಜೀರ್ಣನಾಳದ ರಕ್ತಸ್ರಾವ ತಪ್ಪಲಿಲ್ಲ.

ಹೆಪ್ಪಿನ ಭಯ ಇಷ್ಟು ತಗ್ಗಿರುವಾಗ ವಾರ್ಫರಿನ್ ಜತೆ ಆಸ್ಪಿರಿನ್ ಕೂಡ ಬೇಕೇ? 2023ರಲ್ಲಿ ಪ್ರಕಟವಾದ ‘ಏರೀಸ್’ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಹಾರ್ಟ್‌ಮೇಟ್ 3 ಇದ್ದವರಲ್ಲಿ ಆಸ್ಪಿರಿನ್ ಬಿಟ್ಟರೆ ದೊಡ್ಡ ರಕ್ತಸ್ರಾವ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು, ಹೆಪ್ಪಿನ ಅಪಾಯ ಹೆಚ್ಚಲಿಲ್ಲ. ಒಂದು ಮಾತ್ರೆ ಕಡಿಮೆ ಮಾಡಿಯೂ ಜೀವ ಕಾಯಬಹುದು. ಆದರೆ ಆ ತೀರ್ಮಾನ ವೈದ್ಯರದು, ರೋಗಿ ತಾನಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು.

ವಾರ್ಫರಿನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವುದು ‘ಐಎನ್ಆರ್’ ಎಂಬ ರಕ್ತಪರೀಕ್ಷೆ. ಹೃದಯದ ಕೃತಕ ಕವಾಟ ಹಾಕಿಸಿಕೊಂಡ ನಮ್ಮೂರುಗಳ ಎಷ್ಟೋ ಮಂದಿಗೆ ಈ ಪರೀಕ್ಷೆ ಪರಿಚಿತ. ಪಂಪ್ ಇದ್ದವರಲ್ಲಿ ಈ ಅಂಕಿ ಸಾಮಾನ್ಯವಾಗಿ 2 ಮತ್ತು 3ರ ನಡುವೆ ಇರಬೇಕು. ಇಲ್ಲಿ ಅಡುಗೆಮನೆಗೂ ಪಾಲಿದೆ. ಪಾಲಕ್, ಮೆಂತ್ಯ, ನುಗ್ಗೆಸೊಪ್ಪುಗಳಲ್ಲಿರುವ ಕೆ ಜೀವಸತ್ವ ವಾರ್ಫರಿನ್ನಿಗೆ ಎದುರು ನಿಲ್ಲುತ್ತದೆ. ಹಾಗಂತ ಸೊಪ್ಪು ಬಿಡಬೇಕಾಗಿಲ್ಲ. ಒಂದು ವಾರ ದಿನಾ ಸೊಪ್ಪಿನ ಸಾರು, ಮರುವಾರ ಸೊಪ್ಪೇ ಇಲ್ಲ ಎಂದಾದರೆ ಅಂಕಿ ಏರುಪೇರಾಗುತ್ತದೆ, ಹದ ತಪ್ಪದಂತೆ ಒಂದೇ ಅಳತೆಯಲ್ಲಿ ತಿಂದರೆ ಸಾಕು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳ ಗೊಡವೆಗೆ ಮಾತ್ರ ಹೋಗಬಾರದು. ಅವು ಹೊಟ್ಟೆಯಲ್ಲಿ ರಕ್ತಸ್ರಾವ ತರುತ್ತವೆ.

ಮಲ ಟಾರಿನಂತೆ ಕಪ್ಪಾಗಿದೆಯೇ? ಮೂಗಿನ ರಕ್ತ ನಿಲ್ಲುತ್ತಿಲ್ಲವೇ? ಮುಖ ಬಿಳಿಚಿಕೊಂಡು ಸುಸ್ತೇ? ಇವು ರಕ್ತಸ್ರಾವದ ಸುಳಿವು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಕಂಟ್ರೋಲರ್‌ನಲ್ಲಿ ಪಂಪ್ ಬಳಸುವ ವಿದ್ಯುತ್ ಏರುತ್ತಿದ್ದರೆ ಪಂಪ್‌ನೊಳಗೆ ಹೆಪ್ಪುಗಟ್ಟಿ ರಕ್ತಕಣಗಳು ಒಡೆಯುತ್ತಿವೆ ಎಂದು ಶಂಕಿಸಬೇಕು. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಬೇಕು.

ತಂತಿಯ ಬಾಗಿಲು

ಎರಡನೆಯ ಸವಾಲು ಹೊಟ್ಟೆಯಿಂದ ಹೊರಬಂದ ತಂತಿ. ಚರ್ಮ ದೇಹದ ಕೋಟೆಗೋಡೆಯಾದರೆ ಡ್ರೈವ್‌ಲೈನ್ ಅದರಲ್ಲಿ ಸದಾ ತೆರೆದ ಒಂದು ಕಿಂಡಿ. ಸ್ಟ್ಯಾಫಿಲೊಕಾಕಸ್, ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಅಲ್ಲಿಂದ ಒಳಹೊಕ್ಕು ತಂತಿಯ ಗುಂಟ ಪಂಪ್‌ವರೆಗೂ ಹೋಗಬಲ್ಲವು. ಒಮ್ಮೆ ಒಳಗೆ ಬೀಡುಬಿಟ್ಟರೆ ತಿಂಗಳುಗಟ್ಟಲೆ ಆಂಟಿಬಯಾಟಿಕ್, ಕೆಲವೊಮ್ಮೆ ಮತ್ತೆ ಶಸ್ತ್ರಚಿಕಿತ್ಸೆ.

ಹೆಚ್ಚಿನ ಬಾರಿ ಸೋಂಕಿಗೆ ನಾಂದಿ ಹಾಡುವುದು ಒಂದು ಜಗ್ಗು. ಕಂಟ್ರೋಲರ್ ಕೈಜಾರಿ ಬೀಳುತ್ತದೆ, ತಂತಿ ಬಾಗಿಲ ಚಿಲಕಕ್ಕೆ ಸಿಕ್ಕಿಕೊಳ್ಳುತ್ತದೆ, ಅಂಟಿಕೊಂಡಿದ್ದ ಚರ್ಮ ಒಳಗೇ ಹರಿಯುತ್ತದೆ. ಅದಕ್ಕೇ ತಂತಿ ಅಲುಗಾಡದಂತೆ ಹೊಟ್ಟೆಗೆ ಪಟ್ಟಿ ಹಾಕಿ ಬಿಗಿದಿಟ್ಟಿರುತ್ತಾರೆ. ಡ್ರೆಸ್ಸಿಂಗ್ ಬದಲಿಸುವವರು ಸೋಪಿನಲ್ಲಿ ಕೈ ತೊಳೆದು, ಮಾಸ್ಕ್ ಹಾಕಿ, ಶುದ್ಧ ಗ್ಲೌಸ್ ತೊಟ್ಟೇ ಗಾಯ ಮುಟ್ಟಬೇಕು. ಫ್ಯಾನ್ ಆರಿಸಿ, ಮಕ್ಕಳನ್ನು, ಸಾಕುಪ್ರಾಣಿಗಳನ್ನು ದೂರವಿಟ್ಟರೆ ಲೇಸು. ಕೆಂಪಾದರೆ, ಕೀವು ಕಂಡರೆ, ನೋವು ಬಂದರೆ, ಜ್ವರ ಏರಿದರೆ ಅದೇ ದಿನ ಆಸ್ಪತ್ರೆಗೆ ತಿಳಿಸಬೇಕು. ಕೆರೆ, ಬಾವಿ, ಹೊಳೆಯ ಈಜಿಗೆ ಇನ್ನು ಅವಕಾಶವಿಲ್ಲ. ಸ್ನಾನ ಯಾವಾಗ, ಹೇಗೆ ಎಂಬುದೂ ಗಾಯ ಮಾಗಿದ ಮೇಲೆ ವೈದ್ಯರು ಹೇಳಿದಂತೆ.

ಬಲಗಡೆಯ ಹೊರೆ, ಮೈಯ ನೀರು

ಪಂಪ್ ಆಸರೆ ಕೊಡುವುದು ಎಡಕ್ಕೆ ಮಾತ್ರ. ಅದು ರಕ್ತ ಹರಿಸಿದಷ್ಟೂ ಮರಳಿ ಬರುವ ರಕ್ತವನ್ನೆಲ್ಲ ಶ್ವಾಸಕೋಶಕ್ಕೆ ತಳ್ಳುವ ಹೊಣೆ ಬಲಭಾಗದ ಮೇಲೆ ಬೀಳುತ್ತದೆ. ಬಲಗಡೆ ಸೋತರೆ ಕಾಲು ಊದುತ್ತದೆ, ಹೊಟ್ಟೆ ಉಬ್ಬುತ್ತದೆ, ಊಟ ಸೇರುವುದಿಲ್ಲ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಲು ಹೇಳುವುದು ಇದಕ್ಕೇ. ತೂಕ ದಿಢೀರನೆ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದರ್ಥ.

ನೀರು ತೀರಾ ಕಡಿಮೆಯಾದರೂ ಕಷ್ಟ. ವಾಂತಿಭೇದಿಯಾದಾಗ, ಬೇಸಿಗೆಯ ಬಿಸಿಲಲ್ಲಿ ಬೆವರಿದಾಗ ಪಂಪ್‌ಗೆ ಎಳೆಯಲು ರಕ್ತ ಸಾಲದೆ ಅದು ಹೃದಯದ ಗೋಡೆಯನ್ನೇ ಹೀರಿಕೊಳ್ಳುತ್ತದೆ. ಹರಿವು ನಿಮಿಷಕ್ಕೆ 2.5 ಲೀಟರ್‌ಗಿಂತ ಇಳಿದರೆ ಹಾರ್ಟ್‌ಮೇಟ್ ಕಂಟ್ರೋಲರ್ ಕೂಗಿ ಎಚ್ಚರಿಸುತ್ತದೆ. ರಕ್ತದೊತ್ತಡ ಏರಿದರೂ ಹರಿವು ಕುಗ್ಗುತ್ತದೆ, ಮಿದುಳಿಗೂ ಅಪಾಯ. ನಾಡಿ ಸಿಗದವರಲ್ಲಿ ಮಾಮೂಲಿ ಬಿಪಿ ಯಂತ್ರ ಎಷ್ಟೋ ಬಾರಿ ಅಂಕಿಯನ್ನೇ ತೋರಿಸುವುದಿಲ್ಲ. ರಕ್ತದ ಹರಿವನ್ನು ಸದ್ದಿನಿಂದ ಗುರುತಿಸುವ ಡಾಪ್ಲರ್ ಉಪಕರಣದಿಂದ ಅಳೆಯಬೇಕು, ಸರಾಸರಿ ಒತ್ತಡ 90 ಮೀರದಂತೆ ನೋಡಿಕೊಳ್ಳಬೇಕು.

ಹೃದಯದ ಲಯ ತಪ್ಪಿದಾಗ ಬೇರೆಯವರು ಕ್ಷಣದಲ್ಲಿ ಕುಸಿಯುತ್ತಾರೆ. ಪಂಪ್ ಇದ್ದವರು ಒಮ್ಮೊಮ್ಮೆ ಎಚ್ಚರವಿದ್ದು, ‘ಯಾಕೋ ಸುಸ್ತು’ ಎಂದಷ್ಟೇ ಹೇಳುವುದುಂಟು. ಅವರ ‘ಸುಸ್ತು’ ಎಂಬ ಮಾತನ್ನು ಯಾವತ್ತೂ ಹಗುರಾಗಿ ತಳ್ಳಿಹಾಕಬಾರದು.

ಯಂತ್ರವೂ ಸೋಲಬಹುದು. ಮರಳಿ ಚಾಲೂ ಆಗದಿರುವ ದೋಷ, ಮಿದುಳಿನ ತೊಂದರೆಗಳ ಕಾರಣಕ್ಕೆ ಮೆಡ್‌ಟ್ರಾನಿಕ್ ಕಂಪನಿ 2021ರ ಜೂನ್‌ನಲ್ಲಿ ತನ್ನ ‘ಎಚ್‌ವ್ಯಾಡ್’ ಪಂಪ್‌ನ ಮಾರಾಟ ನಿಲ್ಲಿಸಿತು. ಆದರೆ ಅದಾಗಲೇ ಎದೆಯಲ್ಲಿದ್ದ ಪಂಪನ್ನು ಎಲ್ಲರಿಂದಲೂ ಸುಮ್ಮನೆ ಕಿತ್ತು ತೆಗೆಯುವಂತಿರಲಿಲ್ಲ. ಸಾವಿರಾರು ಜನ ಅದರೊಡನೆಯೇ ಬದುಕಬೇಕಾಯಿತು.

ದಾರಿಹೋಕರಿಗೂ ಗೊತ್ತಿರಲಿ

ಹೆಗಲಲ್ಲಿ ಬ್ಯಾಟರಿ ಚೀಲ, ಅಂಗಿಯಡಿ ತಂತಿ ಇರುವ ಒಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದರು ಎಂದುಕೊಳ್ಳಿ. ನಾಡಿ ಹಿಡಿದು ‘ಹೋಗೇಬಿಟ್ಟರು’ ಎಂದು ಕೈಚೆಲ್ಲಬೇಡಿ. ಉಸಿರಾಡುತ್ತಿದ್ದಾರೆಯೇ, ಮೈ ಬೆಚ್ಚಗಿದೆಯೇ ನೋಡಿ. ಎದೆಗೆ ಕಿವಿಗೊಟ್ಟು ಪಂಪ್‌ನ ಗುಂಯ್‌ಗುಡುವ ಸದ್ದು ಇದೆಯೇ ಕೇಳಿ. ಕಂಟ್ರೋಲರ್ ಕೂಗುತ್ತಿದ್ದರೆ ತಂತಿ ಕಳಚಿದೆಯೇ, ಬ್ಯಾಟರಿ ಮುಗಿದಿದೆಯೇ ಗಮನಿಸಿ ಸರಿಪಡಿಸಿ. 108ಕ್ಕೆ ಕರೆ ಮಾಡಿ, ಅವರ ಬಳಿಯಿರುವ ಕಾರ್ಡಿನಲ್ಲಿರುವ ಆಸ್ಪತ್ರೆಯ ಸಂಖ್ಯೆಗೂ ತಿಳಿಸಿ. ಪಂಪ್ ನಿಂತಿದ್ದು, ಮತ್ತೆ ಚಾಲೂ ಆಗದೆ, ಉಸಿರೂ ಇಲ್ಲದಿದ್ದರೆ ಎದೆ ಒತ್ತುವ ಸಿಪಿಆರ್ ಮಾಡಲು ಹಿಂಜರಿಯಬೇಡಿ. 2017ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಟ್ಟ ಮಾರ್ಗದರ್ಶನದ ತಿರುಳೂ ಇದೇ.

ಕಾವಲಿನ ಕೈಗಳು

ಇಷ್ಟೆಲ್ಲವನ್ನೂ ನೆನಪಿಟ್ಟುಕೊಳ್ಳುವವರು ಯಾರು? ಹೆಂಡತಿ, ಗಂಡ, ಮಗಳು, ತಮ್ಮ. ಬಿಡುಗಡೆಗೆ ಮುಂಚೆ ಆಸ್ಪತ್ರೆ ಅವರನ್ನು ಕೂರಿಸಿಕೊಂಡು ಕಲಿಸುತ್ತದೆ. ಡ್ರೆಸ್ಸಿಂಗ್ ಹೇಗೆ, ಅಲಾರಂ ಯಾವುದು, ಕೆಟ್ಟ ಕಂಟ್ರೋಲರ್ ಬದಲಿಸುವುದು ಹೇಗೆ ಎಂದು ಕೈಯಾರೆ ಮಾಡಿಸಿ ನೋಡುತ್ತದೆ. ಆದರೆ ಅವರ ನಿದ್ದೆ, ಅವರ ಆತಂಕ, ಅವರು ಬಿಟ್ಟ ಕೆಲಸ ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ರೋಗಿಯ ಜತೆ ಬರುವವರನ್ನೂ ‘ನೀವು ಹೇಗಿದ್ದೀರಿ’ ಎಂದು ವೈದ್ಯರು ಕೇಳಬೇಕು, ನೆಂಟರು ವಾರಕ್ಕೊಂದು ದಿನ ಕಾವಲಿಗೆ ಹೆಗಲು ಕೊಡಬೇಕು. ಯಂತ್ರದ ಜತೆ ಬದುಕು ದುಸ್ತರವಾಗುವ ಹೊತ್ತು ಬಂದರೆ ಏನು ಮಾಡಬೇಕೆಂಬ ಮಾತನ್ನೂ ರೋಗಿ ಎಚ್ಚರವಿರುವಾಗಲೇ, ಮನೆಮಂದಿ ಎದುರಿಗಿರುವಾಗಲೇ ಆಡಿ ಮುಗಿಸಬೇಕು. ಅಮೆರಿಕದಲ್ಲಿ ಸರ್ಕಾರಿ ವಿಮೆ ಹಣ ಕೊಡಬೇಕಾದರೆ ಪಂಪ್ ಕೂರಿಸುವ ತಂಡದಲ್ಲಿ ನೋವು, ನರಳಾಟ ತಗ್ಗಿಸುವ ಉಪಶಾಮಕ ಆರೈಕೆಯ ತಜ್ಞರು ಇರಲೇಬೇಕೆಂದು 2013ರಲ್ಲೇ ನಿಯಮವಾಯಿತು.

ರಾತ್ರಿ ಮಲಗುವ ಮುಂಚೆ ಆ ಮನೆಗಳಲ್ಲಿ ನಡೆಯುವ ಒಂದು ಕೆಲಸವಿದೆ. ಹಗಲಿನ ಬ್ಯಾಟರಿ ಬಿಡಿಸಿ ಗೋಡೆಯ ವಿದ್ಯುತ್ತಿಗೆ ಜೋಡಿಸಬೇಕು. ಕರೆಂಟು ಹೋದರೆ ಎದ್ದು ಮತ್ತೆ ಬ್ಯಾಟರಿಗೆ ಬದಲಿಸಬೇಕು, ಹಾಗಾಗಿ ಚಾರ್ಜ್ ಆದ ಜೋಡಿ ದಿಂಬಿನ ಪಕ್ಕದಲ್ಲೇ ಇರುತ್ತದೆ, ಟಾರ್ಚೂ ಇರುತ್ತದೆ. ಕಂಟ್ರೋಲರ್‌ನಿಂದ ಬರುವ ತಂತಿಗಳು ಎರಡು. ಎರಡನ್ನೂ ಒಟ್ಟಿಗೆ ಕೀಳಬಾರದು. ಒಂದನ್ನು ಬಿಡಿಸಿ, ಹೊಸದಕ್ಕೆ ಜೋಡಿಸಿ, ಅದು ಗಟ್ಟಿಯಾಗಿ ಕೂತಿತೆಂದು ನೋಡಿಕೊಂಡ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ದಿನವೆಲ್ಲ ದುಡಿದು ದಣಿದ ಆ ಕೈಗಳು ಈ ಕ್ರಮವನ್ನು ಒಂದು ರಾತ್ರಿಯೂ ಮರೆಯುವುದಿಲ್ಲ. ಎರಡನೆಯ ತಂತಿಯೂ ಕೂತ ಮೇಲೆ ದೀಪ ಆರಿಸುತ್ತಾರೆ.